ನೀರಿನ ಪಾಳಿ

ನನ್ನ ಹೆಂಡತಿ ಸಿದ್ದವ್ವ ತೀರಿಕೊಂಡ ಐದನೆಯ ತಿಂಗಳಿಗೆ, ಈಶ್ವರ ಸಂವತ್ಸರದ ಫಾಲ್ಗುಣದಲ್ಲಿ, ನಾನು ಅವಳ ಹರಕೆಯನ್ನು ಹೊತ್ತು ಸಮುದ್ರಕ್ಕೆ ಹೋದೆ. ಹಾನಗಲ್ಲ ಸೀಮೆಯಲ್ಲಿ ಅರವತ್ತೆರಡು ವರ್ಷ ಬಾಳಿದ ನನಗೆ ಸಮುದ್ರವೆಂಬುದು ಪುರಾಣದಲ್ಲಿ ಕೇಳಿದ ಹೆಸರಾಗಿತ್ತೇ ಹೊರತು ಕಣ್ಣಿನಿಂದ ಕಂಡದ್ದಾಗಿರಲಿಲ್ಲ.

ಅದಕ್ಕೆ ಮೂರು ವರ್ಷ ಹಿಂದೆ ನಾನು ವಿಷಮಶೀತ ಜ್ವರದಿಂದ ಮಲಗಿದ್ದೆ. ಮನೆಯವರು ಆಸೆ ಬಿಟ್ಟಿದ್ದರು. ಆ ದಿವಸಗಳಲ್ಲಿ ಘಟ್ಟದ ಕೆಳಗಿನ ಹೆಂಗಸೊಬ್ಬಳು ತೆಂಗಿನಕಾಯಿ ಮಾರಲು ಬಂದು, ನಡುಸಮುದ್ರದಲ್ಲಿ ಒಂದು ಗುಡ್ಡವಿದೆಯೆಂದೂ, ಅದರ ಮೇಲೆ ಯಾರೂ ಸ್ಥಾಪಿಸದ ಒಬ್ಬ ಈಶ್ವರನಿದ್ದಾನೆಂದೂ, ಹಕ್ಕಿಗಳೇ ಅವನ ಸೇವೆಯಲ್ಲಿವೆಯೆಂದೂ ಸಿದ್ದವ್ವನಿಗೆ ಹೇಳಿದಳಂತೆ. ಸಿದ್ದವ್ವ ಅಲ್ಲಿಯೇ ಕಟ್ಟೆಯ ಮೇಲೆ ನಿಂತು ಕೈಮುಗಿದಳು. "ನಮ್ಮ ಮನಿಯವ್ರು ಎದ್ದು ಕುಂತ್ರ, ಇಬ್ಬರೂ ಬಂದು ನಿನಗ ಒಂದು ತಂಬಗಿ ನೀರು ಹಾಕಿ ಪತ್ರಿ ಏರಸ್ತೇವಿ ನನ್ನಪ್ಪಾ" ಎಂದಳು.

ನಾನು ಎದ್ದು ಕುಳಿತೆ. ಪ್ರತಿ ವರ್ಷ ಅವಳು ಕೇಳುತ್ತಿದ್ದಳು. ಸುಗ್ಗಿ ಮುಗಿಯಲಿ ಎಂದೆ, ಮಳೆ ನಿಲ್ಲಲಿ ಎಂದೆ, ಎಮ್ಮೆ ಈಯಲಿ ಎಂದೆ. ಕಾರ್ತಿಕದಲ್ಲಿ ಮೂರು ದಿನ ಮಲಗಿದಳು. ನಾಲ್ಕನೆಯ ದಿನ ಅವಳನ್ನು ಮಣ್ಣು ಮಾಡಿ ಬಂದೆವು. ನಾನು ಎಂದಿನಂತೆ ಲಿಂಗಪೂಜೆ ಮಾಡುತ್ತಿದ್ದೆ, ಆದರೆ ಅಂಗೈಯ ಮೇಲಿನ ಲಿಂಗವನ್ನು ನೋಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ನಾನು ಹೊರಟ ಸುದ್ದಿ ತಿಳಿದು ಸವಣೂರಿನಿಂದ ಬಂದೇಸಾಬರು ಬಂದರು. ಅವರದು ಎಲೆಬಳ್ಳಿಯ ತೋಟ. ನಲವತ್ತು ವರ್ಷದಿಂದ ಹಾನಗಲ್ಲ ಸಂತೆಗೆ ಎಲೆಯ ಪೆಂಡಿ ತರುತ್ತಿದ್ದವರು, ಸಂತೆ ಮುಗಿಸಿ ನಮ್ಮ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿದೇ ಹೋಗುತ್ತಿದ್ದರು. ಸಿದ್ದವ್ವ ಅವರನ್ನು ಅಣ್ಣಾ ಎನ್ನುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವರು.

"ನೀವೊಬ್ಬರ ಹೊಂಟೀರೇನ್ರಿ ಕರಬಸಪ್ಪಾರ? ಊರ ಮುಂದಿನ ಆನಿಕೆರಿ ದಾಟಿದ್ರ ನಿಮಗ ದಿಕ್ಕ ತಿಳಿಯಂಗಿಲ್ಲ" ಎಂದರು.

"ನಿಮಗ ತಿಳಿತೈತೇನು?"

"ನನಗೂ ತಿಳಿಯಂಗಿಲ್ಲ. ಇಬ್ಬರೂ ಕೂಡೇ ದಾರಿ ತಪ್ಪೋಣಂತ. ತಂಗಿ ನನಗೂ ಹೇಳಿದ್ಲು, ಅಣ್ಣಾ ನೀನೂ ಬಾ ಅಂತ. ಹೂಂ ಅಂದಿದ್ದೆ ನಾ. ಹೂಂ ಅಂದ ಮ್ಯಾಲ ಹೆಂಗ ಬಿಡ್ಲಿ?"

ನಾನು ಪತ್ರಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡೆ. ಅವರು ರೊಟ್ಟಿ ಬುತ್ತಿಯ ಜೊತೆಗೆ ಸವಣೂರಿನ ಕರಿದ ಖಾರದ ದೊಡ್ಡ ಗಂಟನ್ನು ತಂದರು. ಶಿರಸಿಯವರೆಗೆ ಒಂದು ಮೋಟಾರು, ಅಲ್ಲಿಂದ ಘಟ್ಟ ಇಳಿಯಲು ಇನ್ನೊಂದು. ಎರಡನೆಯ ದಿನ ಮಧ್ಯಾಹ್ನ ಒಂದು ದಿನ್ನೆಯನ್ನು ದಾಟಿದಾಗ ಎದುರಿಗೆ ಆಕಾಶ ಬಹಳ ಕೆಳಗಿನವರೆಗೆ ಇಳಿದಂತೆ ಕಂಡಿತು. ನಾನು ಅದನ್ನು ಆಕಾಶವೆಂದೇ ನೋಡುತ್ತಿದ್ದೆ. ಅಷ್ಟರಲ್ಲಿ ಅದರ ನಡುವೆ ಒಂದು ಹಾಯಿ ಹೋಗುತ್ತಿರುವುದು ಕಾಣಿಸಿತು. ಬಂದೇಸಾಬರು ನನ್ನ ತೋಳನ್ನು ಹಿಡಿದುಕೊಂಡರು.

ಗುಡ್ಡಕ್ಕೆ ಹೋಗುವ ದೋಣಿ ಹೊನ್ನಾವರದ ಆಚೆಯ ಒಂದು ಮೀನುಗಾರರ ಕೇರಿಯಿಂದ ಹೊರಡುತ್ತಿತ್ತು. ದೋಣಿಯವನ ಹೆಸರು ಜಟ್ಟಿ. ಹರಕೆಯವರನ್ನೂ, ಹಕ್ಕಿ ನೋಡಲು ಬರುವ ಪೇಟೆಯವರನ್ನೂ ಅವನು ಕರೆದೊಯ್ಯುತ್ತಿದ್ದ. ಆ ದಿನ ನಮ್ಮ ಜೊತೆ ಧಾರವಾಡದ ಒಬ್ಬ ವಕೀಲರು ಹೆಂಡತಿಯೊಡನೆ ಬಂದಿದ್ದರು. ಅವರ ಕೊರಳಲ್ಲಿ ದುರ್ಬೀನು, ಕೈಯಲ್ಲಿ ಫೋಟೋ ತೆಗೆಯುವ ಪೆಟ್ಟಿಗೆ ಇತ್ತು.

"ನೀರು ತಕಂಡ್ರಾ ಒಡೆಯಾ?" ಎಂದು ಜಟ್ಟಿ ಕೇಳಿದ.

ಬಂದೇಸಾಬರು ನಕ್ಕರು. "ಕಣ್ಣ ಹಾಯೋ ಮಟ ನೀರ ಐತಿ, ಇನ್ನ ನಾವು ಬ್ಯಾರೆ ಹೊರಬೇಕೇನೋ ತಮ್ಮಾ?"

"ಅದು ಉಪ್ಪು ನೀರು."

"ಗೊತ್ತೈತಪ್ಪಾ. ಗುಡ್ಡದ ಮ್ಯಾಲ ದೇವರ ಗುಡಿ ಐತಿ ಹೌದಿಲ್ಲೊ?" ಎಂದು ನಾನು ಕೇಳಿದೆ. ಇದೆ ಎಂದ. "ಗುಡಿ ಐತಿ ಅಂದ ಮ್ಯಾಲ ಹೊಂಡ ಇದ್ದ ಇರತೈತಿ. ತಂಬಗಿ ತಂದೇನಿ, ಅಲ್ಲೇ ತುಂಬಿಕೊಳ್ತೇನಿ."

ನಮ್ಮ ಊರಲ್ಲಿ ಹೊಂಡವಿಲ್ಲದ ಗುಡಿಯನ್ನು ನಾನು ಕಂಡವನಲ್ಲ. ಕೆರೆಯೋ ಬಾವಿಯೋ ಮೊದಲು, ದೇವರು ಆಮೇಲೆ. ಜಟ್ಟಿ ನನ್ನ ಮುಖ ನೋಡಿ ಏನೋ ಹೇಳಹೋದ. ಅಷ್ಟರಲ್ಲಿ ವಕೀಲರು ಅವಸರ ಮಾಡಿದರು, ದೋಣಿ ಹೊರಟಿತು.

ತೆರೆಗಳ ಮೇಲೆ ಹತ್ತಿ ಇಳಿಯುತ್ತ ಹೋದಂತೆ ಬಂದೇಸಾಬರ ನಗೆ ನಿಂತಿತು. ಅವರು ದೋಣಿಯ ಅಂಚಿಗೆ ಬಾಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಹಾಕಿದರು. ವಕೀಲರ ಹೆಂಡತಿಯ ಗತಿಯೂ ಅದೇ ಆಯಿತು. ದೂರದಲ್ಲಿ ಗುಡ್ಡ ಕಾಣತೊಡಗಿತು. ನೀರಿನಲ್ಲಿ ಮಲಗಿದ ಗೂಳಿಯ ಬೆನ್ನ ಮೇಲಿನ ಹಿಣಿಲಿನ ಹಾಗೆ. ಅದರ ಸುತ್ತ ಹೊಗೆ ಎದ್ದಂತಿತ್ತು. ಹತ್ತಿರ ಹೋದಾಗ ಆ ಹೊಗೆಗೆ ರೆಕ್ಕೆಗಳಿದ್ದವು.

ನಾನು ಆವರೆಗೆ ಒಂದೇ ಕಡೆ ಅಷ್ಟು ಪ್ರಾಣವನ್ನು ಕಂಡಿರಲಿಲ್ಲ. ಪಾರಿವಾಳಗಳು ಬಂಡೆಯ ಸಂದುಗಳಿಂದ ಸಾವಿರಗಟ್ಟಲೆ ಹೊರಬಂದು ಒಂದೇ ಸಲ ತಿರುಗುತ್ತಿದ್ದವು. ತಿರುಗಿದಾಗ ಆಕಾಶ ಬೆಳ್ಳಗಾಗಿ ಮತ್ತೆ ಕಪ್ಪಾಗುತ್ತಿತ್ತು. ಬಿಳಿಯ ಹೊಟ್ಟೆಯ ದೊಡ್ಡ ಹದ್ದೊಂದು ನೀರಿಗೆ ಬಿದ್ದು, ಮೊಳದುದ್ದದ ಮೀನನ್ನು ಹಿಡಿದು ನಮ್ಮ ತಲೆಯ ಮೇಲೆಯೇ ಹಾರಿಹೋಯಿತು. ದಡದ ಹತ್ತಿರ ನೀರು ಗಾಜಿನಂತೆ ತಿಳಿಯಾಗಿತ್ತು. ಇಳಕಲ್ಲ ಸೀರೆಯ ಸೆರಗಿನ ಬಣ್ಣದ ಮೀನುಗಳು ಕಲ್ಲಿನ ಹೂಗಳ ನಡುವೆ ಓಡಾಡುತ್ತಿದ್ದವು. ಬಂಡಿಯ ಗಾಲಿಯಷ್ಟು ಅಗಲದ ಆಮೆಯೊಂದು ದೋಣಿಯ ಕೆಳಗೆ ಅವಸರವಿಲ್ಲದೆ ಹಾಯ್ದಿತು.

"ಇವನ್ನೆಲ್ಲ ಯಾರ ನೋಡ್ಲಿ ಅಂತ ಮಾಡ್ಯಾನ್ರಿ ಅವ?" ಎಂದು ಬಂದೇಸಾಬರು ಸೋತ ದನಿಯಲ್ಲಿ ಕೇಳಿದರು. "ಇಲ್ಲಿ ಮನುಷ್ಯಾರ ಇಲ್ಲ."

ದಡಕ್ಕೆ ಇಳಿದ ಮೇಲೆ ವಕೀಲರು ನಾಲ್ಕೈದು ಫೋಟೋ ತೆಗೆದರು. ಅವರ ಹೆಂಡತಿ ದಡದ ಮರಳಿನಲ್ಲಿ ಮಲಗಿಬಿಟ್ಟಿದ್ದರು. ಕಣ್ಣು ತೆರೆಯಲಾರದೆ, "ನನ್ನ ಮೊದಲು ನೆಲಕ್ಕ ಮುಟ್ಟಸ್ರಿ, ಹಕ್ಕಿ ಆಮ್ಯಾಲ ನೋಡಾಕ ಬರತದ" ಎಂದರು. ಇದೂ ನೆಲವೇ ಎಂದು ವಕೀಲರು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಜಟ್ಟಿ ಅವರಿಬ್ಬರನ್ನು ಮೊದಲು ಊರಿಗೆ ಮುಟ್ಟಿಸಿ, ಸಂಜೆಗೆ ನಮಗಾಗಿ ಬರುತ್ತೇನೆಂದ. ಹೋಗುವ ಮುಂಚೆ ದೋಣಿಯ ಮಡಕೆಯಿಂದ ನನ್ನ ತಂಬಿಗೆಯನ್ನು ತುಂಬಿಸಿದ.

"ಇದು ಕುಡೂಕೆ ಇಟ್ಕಣಿ, ಒಡೆಯಾ. ಮೇಲೆ ನೀರಿಲ್ಲ. ಸಂಜಿಗೆ ಬತ್ತೆ" ಎಂದು ಹೇಳಿ ಹಾಯಿ ಬಿಚ್ಚಿದ.

ನಾವು ಮುಳ್ಳುಕಂಟಿಯ ನಡುವೆ ಮೇಲೆ ಹತ್ತಿದೆವು. ಯಾವ ಕಾಲದಲ್ಲಿಯೋ ಹರಕೆಗೆ ಬಿಟ್ಟ ಆಡುಗಳ ಸಂತಾನ ಬಂಡೆಯ ತುದಿಗಳಲ್ಲಿ ನಿಂತು ನಮ್ಮನ್ನು ನೋಡುತ್ತಿತ್ತು. ಅವಕ್ಕೆ ಒಡೆಯನಿರಲಿಲ್ಲ, ಹಗ್ಗವಿರಲಿಲ್ಲ. ಗುಡಿ ಎಂದರೆ ಒಂದು ಹಳೆಯ ಅತ್ತಿಮರ, ಅದರ ಬುಡದಲ್ಲಿ ನೆಲದಿಂದಲೇ ಎದ್ದ ಮೊಣಕಾಲೆತ್ತರದ ಕರಿಯ ಕಲ್ಲು. ಗೋಡೆಯಿಲ್ಲ, ಗಂಟೆಯಿಲ್ಲ. ಸುತ್ತಲೂ ಸಮುದ್ರ. ಕಲ್ಲಿನ ತಲೆ ಬಿಸಿಲಿಗೆ ಕಾದು ಒಣಗಿತ್ತು. ಹೊಂಡಕ್ಕಾಗಿ ನಾನು ಮರವನ್ನು ಎರಡು ಸಲ ಸುತ್ತಿದೆ. ಇರಲಿಲ್ಲ.

ತಂಬಿಗೆಯನ್ನು ಹಿಡಿದು ನಿಂತೆ. "ಇದ ಒಂದ ನೀರು ಐತ್ರಿ, ಬಂದೇಸಾಬ್ರ."

ಅವರು ಬಾಯಿ ಒರೆಸಿಕೊಂಡರು. ವಾಂತಿಯಿಂದ ಅವರ ತುಟಿ ಆಗಲೇ ಒಣಗಿತ್ತು. ಅದನ್ನು ನಾನು ಕಂಡೆ, ಕಂಡೂ ಸುಮ್ಮನಿದ್ದೆ.

"ಹಾಕ್ರಿ" ಎಂದರು. "ತಂಗಿ ಹೆಸರೀಲೆ ಹಾಕ್ರಿ. ಸಂಜಿಕ ಆ ಹುಡುಗ ಬರ್ತಾನ. ಅಲ್ಲೀಮಟ ನಾ ಏನ ಸಾಯಾಂಗಿಲ್ಲ."

ನಾನು ಮೊದಲು ನನ್ನ ಇಷ್ಟಲಿಂಗಕ್ಕೆ ಒಂದಿಷ್ಟು ನೀರೆರೆದು ಪಾದೋದಕ ತೆಗೆದುಕೊಂಡೆ. ಉಳಿದದ್ದೆಲ್ಲವನ್ನೂ ಆ ಕಲ್ಲಿನ ಮೇಲೆ ಸುರಿದು ಪತ್ರಿ ಏರಿಸಿದೆ. ನೀರು ಕಲ್ಲಿನ ಮೇಲೆ ಕಪ್ಪಗೆ ಹರಿದು ಕ್ಷಣದಲ್ಲಿ ಆರಿತು. ಸಿದ್ದವ್ವನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಐದು ತಿಂಗಳ ಮೇಲೆ ಅಂದು ನನಗೆ ಅಳು ಬಂತು. ಬಂದೇಸಾಬರು ಬೆನ್ನು ಸವರುತ್ತ ಕುಳಿತರು. ಆಮೇಲೆ ಇಬ್ಬರೂ ರೊಟ್ಟಿ ತಿಂದೆವು, ಖಾರ ತಿಂದೆವು. ಆ ಖಾರ ತಿನ್ನುವಾಗಲಾದರೂ ನಮಗೆ ಬುದ್ಧಿ ಬರಬೇಕಿತ್ತು.

ಇಳಿಹೊತ್ತಿಗೆ ಗಾಳಿ ತಿರುಗಿತು. ಸಮುದ್ರದ ಮೇಲೆಲ್ಲ ಬಿಳಿಯ ನೊರೆ ಎದ್ದಿತು. ಗುಡ್ಡದ ಬುಡದಲ್ಲಿ ತೆರೆಗಳು ಬಂಡೆಗೆ ಅಪ್ಪಳಿಸುವ ಸಪ್ಪಳ ಮೇಲಿನವರೆಗೆ ಕೇಳುತ್ತಿತ್ತು. ಅಂಥ ನೀರಿನಲ್ಲಿ ಯಾವ ದೋಣಿಯೂ ಬರಲಾರದೆಂದು ನಮ್ಮಂಥ ಬಯಲುಸೀಮೆಯವರಿಗೂ ತಿಳಿಯಿತು. ಜಟ್ಟಿ ಬರಲಿಲ್ಲ.

ಬೆಳಿಗ್ಗೆಯೂ ಗಾಳಿ ಹಾಗೆಯೇ ಇತ್ತು. ಬಿಸಿಲೇರಿದಂತೆ ಬಂದೇಸಾಬರ ಮೈ ಕಾದಿತು, ಆದರೆ ಒಂದು ಹನಿ ಬೆವರಿಲ್ಲ. ನಾಲಿಗೆ ದಪ್ಪವಾಗಿ ಮಾತು ತೊದಲಿತು. ಮರದ ನೆರಳಿನಲ್ಲಿ ಮಲಗಿಸಿ ಅಂಗವಸ್ತ್ರದಿಂದ ಗಾಳಿ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನನ್ನು ಗುರುತಿಸಲಿಲ್ಲ.

"ಮಾಬೂಬಿ, ತ್ವಾಟಕ್ಕ ನೀರು ಬಿಡ. ಬಳ್ಳಿ ಒಣಗಾಕತ್ತಾವ" ಎಂದು ಸವಣೂರಿನಲ್ಲಿದ್ದ ತಮ್ಮ ಹೆಂಡತಿಯನ್ನು ಕರೆಯತೊಡಗಿದರು.

ನಾನು ಆ ಕರಿಯ ಕಲ್ಲಿನ ಕಡೆ ತಿರುಗಿದೆ. ನಿನ್ನೆಯ ಪತ್ರಿ ಅದರ ಮೇಲೆ ಒಣಗಿ ಸುರುಟಿತ್ತು. ತಂದೆಯೇ, ನಾನು ನಿನಗೆ ನೀರು ಹಾಕಲಿಲ್ಲ. ಈ ಮುದುಕನ ಬಾಯಿಂದ ಕಸಿದು ಸುರಿದೆ ಎಂದೆ. ಮೂರು ವರ್ಷ ಹೆಂಡತಿಯನ್ನು ಕಾಯಿಸಿದವನು, ಅವಳ ಅಣ್ಣನನ್ನು ನಿನ್ನ ಕಾಲ ಬುಡದಲ್ಲಿ ಕೊಲ್ಲುತ್ತಿದ್ದೇನೆ. ಮಾಬೂಬಿಯ ಮುಂದೆ ಹೋಗಿ ಏನೆಂದು ನಿಲ್ಲಲಿ?

ತಲೆಯ ಮೇಲೆ ಮೂರು ಪಾರಿವಾಳಗಳು ಹಾಯ್ದುಹೋದವು.

ಅವು ಹೋದ ರೀತಿ ನನ್ನ ಕಣ್ಣಿಗೆ ಬಿತ್ತು. ಕಾಳಿಗೆ ಹೋಗುವ ಪಾರಿವಾಳ ಸುತ್ತು ಹಾಕುತ್ತದೆ, ಇಳಿದು ಮತ್ತೆ ಏಳುತ್ತದೆ. ನೀರಿಗೆ ಹೋಗುವ ಪಾರಿವಾಳ ಹಾಗಲ್ಲ. ನೆಲಕ್ಕೆ ಹತ್ತಿರವಾಗಿ, ಎಳೆದ ದಾರದಂತೆ ನೇರ ಹೋಗುತ್ತದೆ. ನಮ್ಮ ಎರೆಹೊಲಗಳಲ್ಲಿ ಬೇಸಗೆಯಲ್ಲಿ ದನ ಕಾದವರಿಗೆಲ್ಲ ಇದು ಗೊತ್ತು. ಇನ್ನೂ ನಾಲ್ಕು ಹೋದವು, ಅದೇ ದಾರಿ. ಅಲ್ಲಿಂದ ಎರಡು ಮರಳಿದವು, ಭಾರವಾದ ರೆಕ್ಕೆ ಬಡಿಯುತ್ತ. ನಾನು ತಂಬಿಗೆ ಮತ್ತು ಕೋಲು ತೆಗೆದುಕೊಂಡು ಅವುಗಳ ಕೆಳಗೆ ನಡೆದೆ.

ಗುಡ್ಡದ ಉತ್ತರದ ಬದಿ ಕಡಿದು ಇಳಿದಿತ್ತು. ಬಂಡೆಯ ಹೊಟ್ಟೆಯಲ್ಲಿ ಒಂದಾಳು ನಡೆಯುವಷ್ಟು ಅಗಲದ ಮೆಟ್ಟು. ಕೆಳಗೆ ನೊರೆಯೆದ್ದ ಸಮುದ್ರ. ಬಂಡೆಯನ್ನು ಹಿಡಿದುಕೊಂಡು ಒಂದು ಮೂಲೆ ತಿರುಗಿದೆ. ಅಲ್ಲಿ ಕಂಡದ್ದನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿ ಮುಗಿಯುತ್ತದೆ.

ಮೇಲಿನ ಸಂದಿನಿಂದ ಮರದ ಬೇರುಗಳು ಜೋತುಬಿದ್ದಿದ್ದವು. ಒಂದೊಂದು ಬೇರಿನ ತುದಿಯಿಂದ ಹನಿ ಇಳಿಯುತ್ತಿತ್ತು. ಕೆಳಗೆ ಬಟ್ಟಲಿನಂತೆ ಸವೆದ ಒಂದು ಕಲ್ಲು. ಎರಡು ತಂಬಿಗೆ ಹಿಡಿಯಬಹುದಾದಷ್ಟು ಗುಂಡಿ. ಆ ಗುಂಡಿಗಾಗಿ ಇಡೀ ಗುಡ್ಡ ಕಾದು ನಿಂತಿತ್ತು. ಮೆಟ್ಟಿನ ಉದ್ದಕ್ಕೂ ಮೂವತ್ತಕ್ಕೆ ಕಡಿಮೆಯಿಲ್ಲದ ಆಡುಗಳು ಒಂದರ ಹಿಂದೊಂದು ನಿಂತಿದ್ದವು. ಬಂಡೆಯ ಗೂಡುಗಳಲ್ಲಿ ನೂರಾರು ಪಾರಿವಾಳಗಳು. ಒಂದು ಆಡು ನಾಲ್ಕು ಗುಟುಕು ಕುಡಿದು ಆ ಬದಿಯಿಂದ ಹತ್ತಿಹೋಗುತ್ತಿತ್ತು. ಆಗ ಪಾರಿವಾಳಗಳು ಹತ್ತು ಹನ್ನೆರಡು ಇಳಿದು ಕೊಕ್ಕು ಅದ್ದಿ ಏಳುತ್ತಿದ್ದವು. ಆಮೇಲೆ ಮುಂದಿನ ಆಡು. ನೂಕಾಟವಿಲ್ಲ, ಕೂಗಾಟವಿಲ್ಲ. ಕಂಬದಂಥ ಕೋಡಿನ ಹೋತವೊಂದು ಸಣ್ಣ ಮರಿಯ ಹಿಂದೆ ಸುಮ್ಮನೆ ನಿಂತಿತ್ತು. ಮೆಟ್ಟು ಕಿರಿದು, ನೂಕಿದವನು ಸಮುದ್ರಕ್ಕೆ ಬೀಳುತ್ತಾನೆ, ಅಷ್ಟೇ ಕಾರಣವಿರಬಹುದು. ಆದರೆ ಆ ಮೌನ ನಾನು ಯಾವ ಮಠದ ಪಂಕ್ತಿಯಲ್ಲಿಯೂ ಕಂಡದ್ದಲ್ಲ.

ನೋಡುತ್ತ ನಿಲ್ಲುವ ಹೊತ್ತು ಅದಾಗಿರಲಿಲ್ಲ. ನಾನು ಕೋಲು ಬೀಸಿದೆ. ಆಡುಗಳು ಬೆದರಿ ಹಿಂದೆ ಸರಿದವು, ಪಾರಿವಾಳಗಳು ಒಮ್ಮೆಲೆ ಎದ್ದು ಹಾರಿದವು. ಮುಂದೆ ನಿಂತಿದ್ದ ಮರಿಯನ್ನು ಮೊಣಕಾಲಿನಿಂದ ದೂಡಿ ಗುಂಡಿಯನ್ನು ಬರಿದಾಗುವವರೆಗೆ ಬಳಿದೆ. ತಂಬಿಗೆ ಅರ್ಧ ತುಂಬಿತು.

ನನ್ನ ಗಂಟಲೂ ಸುಡುತ್ತಿತ್ತು. ಆದರೆ ಬೆಳಗಿನ ಲಿಂಗಪೂಜೆ ಆಗಿರಲಿಲ್ಲ. ಪೂಜೆಯಿಲ್ಲದೆ ನಾನು ನೀರು ಮುಟ್ಟಿದವನಲ್ಲ. ಮೊದಲ ನೀರು ಲಿಂಗಕ್ಕೆ, ಅದು ನಮ್ಮ ಹಿರಿಯರು ಹಾಕಿದ ಕಟ್ಟಳೆ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡೆ. ತಡಿ ತಂದೆ, ನಿನ್ನೆ ನಿನಗೆ ಮೊದಲು ಕೊಟ್ಟಿದ್ದೆನಲ್ಲ ಎಂದು ಹೇಳಿ, ಒಂದು ಹನಿಯೂ ಚೆಲ್ಲದಂತೆ ಹಿಂದಿರುಗಿದೆ.

ಬಂದೇಸಾಬರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗವಸ್ತ್ರದ ತುದಿ ಅದ್ದಿ ತುಟಿಗಳನ್ನು ನೆನೆಸಿದೆ. ಮೊದಲು ನೀರು ಗಂಟಲಿಗೆ ಇಳಿಯಲಿಲ್ಲ, ಗಲ್ಲದ ಮೇಲೆ ಹರಿಯಿತು. ಮತ್ತೆ ಹಿಂಡಿದೆ, ಮತ್ತೆ ಹಿಂಡಿದೆ. ಎಷ್ಟೋ ಹೊತ್ತಿಗೆ ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ತಂಬಿಗೆ ಮುಗಿದ ಮೇಲೆ ಮತ್ತೊಮ್ಮೆ ಹೋದೆ. ಮತ್ತೆ ಕೋಲು ಬೀಸಿ, ಮತ್ತೆ ಎಲ್ಲರನ್ನೂ ದೂಡಿ, ಗುಂಡಿ ಬಳಿದು ತಂದೆ.

ಆ ಸಲ ತಂಬಿಗೆಯನ್ನೇ ಬಾಯಿಗೆ ಹಿಡಿದೆ. ಅವರು ಕುಡಿದರು. ಹಣೆಯ ಮೇಲೆ ಬೆವರು ಮೂಡಿತು. ಕಣ್ಣು ತೆರೆದು ನನ್ನನ್ನು ನೋಡಿ, ತಂಬಿಗೆಯನ್ನು ನೋಡಿದರು.

"ಎಲ್ಲೀದ್ರಿ ಈ ನೀರು? ಪಾರಿವಾಳದ ವಾಸನಿ ಹೊಡ್ಯಾಕತ್ತೈತಿ."

"ಕುಡೀರಿ ಸುಮ್ಮನ. ಪಾರಿವಾಳದ್ದ ಅದು. ಕಸಗೊಂಡು ತಂದೇನಿ."

"ಅಯ್ಯ ನಿಮ್ಮ. ಈ ವಯಸ್ಸಿನ್ಯಾಗ ಕಳವು ಕಲ್ತೀರೇನು?" ಎಂದರು. ನಗಲು ಹೋಗಿ ಕೆಮ್ಮಿದರು. ನಾನು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರ ಕೈ ತಣ್ಣಗಾಗುತ್ತ ಬಂದಿತ್ತು, ಬದುಕಿದವರ ಕೈಯ ತಂಪು.

ಸ್ವಲ್ಪ ಹೊತ್ತಿನ ಮೇಲೆ, "ನೀವು ಕುಡಿದ್ರೇನು?" ಎಂದು ಕೇಳಿದರು.

"ಪೂಜಿ ಆಗಿಲ್ಲ."

"ಹಂಗಾರ ಹೋಗ್ರಿ, ಮಾಡಿಕೊಂಡು ಬರ್ರಿ. ನಾ ಎಲ್ಲೂ ಓಡಿ ಹೋಗಂಗಿಲ್ಲ. ನೀವು ಬಿದ್ರ ನಿಮ್ಮನ್ನ ಹೊರಾಕ ನನಗ ಕಸುವಿಲ್ಲ ಮತ್ತ."

ಮೂರನೆಯ ಸಲ ಹೋದಾಗ ಗಾಳಿ ಇಳಿದಿತ್ತು. ನಾನು ಎರಡು ಸಲ ಚದುರಿಸಿದ ಸಾಲು ಮತ್ತೆ ಕೂಡಿಕೊಂಡಿತ್ತು, ಆದರೆ ಗುಂಡಿ ಇನ್ನೂ ಅರ್ಧವೂ ತುಂಬಿರಲಿಲ್ಲ. ನನ್ನನ್ನು ಕಂಡು ಆಡುಗಳು ಕಿವಿ ನಿಮಿರಿಸಿದವು. ನಾನು ಕೋಲನ್ನು ಕೆಳಗಿಟ್ಟು ಆ ಸಾಲಿನ ಕೊನೆಯಲ್ಲಿ ಬಂಡೆಗೆ ಬೆನ್ನು ಕೊಟ್ಟು ಕುಳಿತೆ. ಬಂದೇಸಾಬರ ಜೀವಕ್ಕಾಗಿ ದೂಡಿದ್ದು ದೂಡಿದ್ದೇ. ನನ್ನ ಬಾಯಾರಿಕೆಗಾಗಿ ಅವನ್ನು ದೂಡುವ ಹಕ್ಕು ನನಗಿರಲಿಲ್ಲ.

ಅವು ಬಹಳ ಹೊತ್ತು ಅನುಮಾನಿಸಿದವು. ಆಮೇಲೆ ಮುದಿ ಆಡೊಂದು ಮುಂದೆ ಹೋಗಿ ಕುಡಿಯಿತು. ಪಾರಿವಾಳಗಳು ಇಳಿದವು. ಸಾಲು ಒಂದೊಂದೇ ಹೆಜ್ಜೆ ಸರಿಯಿತು. ನಾನೂ ಕುಳಿತಲ್ಲಿಯೇ ಸರಿದೆ. ನನ್ನ ಕಾಲಿನ ಹತ್ತಿರ ಒಂದು ಹಸುರು ಹಾವು ಬಂಡೆಯ ಸಂದಿನಿಂದ ತಲೆ ಹೊರಹಾಕಿ ತೇವದ ಕಲ್ಲನ್ನು ನೆಕ್ಕಿ ಒಳಗೆ ಹೋಯಿತು. ನನಗೆ ಹೆದರಿಕೆಯಾಗಲಿಲ್ಲ. ಕರಡಿಗೆಯನ್ನು ತೆರೆದು ಲಿಂಗವನ್ನು ಅಂಗೈಯ ಮೇಲಿಟ್ಟುಕೊಂಡೆ. ಎಷ್ಟೋ ತಿಂಗಳ ಮೇಲೆ ಅದನ್ನು ಕಣ್ಣು ತುಂಬ ನೋಡಿದೆ. ನನ್ನ ಹಿಂದೆ ಒಂದು ತಾಯಿ ಆಡು ಮರಿಯೊಡನೆ ಬಂದು ನಿಂತಿತು. ಅದರ ಬಿಸಿ ಉಸಿರು ನನ್ನ ಭುಜಕ್ಕೆ ತಾಕುತ್ತಿತ್ತು.

ಬಿಸಿಲು ಇಳಿಮುಖವಾದಾಗ ಮೇಲಿನಿಂದ ಕೂಗು ಕೇಳಿತು. ಜಟ್ಟಿ ಬಂದಿದ್ದ. ಬಂದೇಸಾಬರನ್ನು ದೋಣಿಯಲ್ಲಿ ಕೂರಿಸಿ, ನನ್ನನ್ನು ಹುಡುಕಿಕೊಂಡು ಮೆಟ್ಟಿನ ಮೂಲೆಯವರೆಗೆ ಬಂದು, ನನ್ನನ್ನೂ ಆಡುಗಳನ್ನೂ ನೋಡಿ ಹಾಗೆಯೇ ನಿಂತುಬಿಟ್ಟ.

"ಎಂತ ಮಾಡ್ತ್ರಿ ಒಡೆಯಾ ಅಲ್ಲಿ? ಬನ್ನಿ, ದೋಣಿಲಿ ಕೊಡಪಾನ ನೀರಿದ್ದು. ಸಾಯಬರು ಆಗಳೇ ಕುಡದ್ರು."

ನನ್ನ ಮುಂದೆ ಇನ್ನು ಒಂದು ಹೋತ, ಎರಡು ಮರಿಗಳಿದ್ದವು.

"ಸ್ವಲ್ಪ ತಡಿಯಪ್ಪಾ" ಎಂದು ಮೆಲ್ಲಗೆ ಹೇಳಿದೆ. "ಗದ್ದಲ ಮಾಡಬ್ಯಾಡ. ನನ್ನ ಪಾಳಿ ಬರಾಕತ್ತೈತಿ."